ಅಂಗೈ ನೋಡಿದವಳು

ನನ್ನ ಗೆಳತಿ ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ಐವತ್ತೆರಡು ವರ್ಷವಾಗಿತ್ತು.

ಕಂಪನಿಗಳು ತಮ್ಮ ದಿನದ ಕೆಲಸಕ್ಕೆ ಬಳಸುವ ಸಾಫ್ಟ್‌ವೇರಿಗೆ ಪರದೆಗಳನ್ನು ವಿನ್ಯಾಸ ಮಾಡುವುದು ಅವಳ ಕಸುಬು. ಯಾವ ಖಾನೆ ಮೊದಲು, ಯಾವುದು ಆಮೇಲೆ, ಬಟನ್ ಎಲ್ಲಿರಬೇಕು ಎಂದು ಅವಳು ಬರೆದುಕೊಡುತ್ತಿದ್ದಳು, ಕೋಡ್ ನನ್ನದು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಹೊಸ ಕೆಲಸ ಬಂದರೆ ಮಡಚುವ ಸ್ಟೂಲೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ, ಅಲ್ಲಿ ದುಡಿಯುವವರ ಬೆನ್ನ ಹಿಂದೆ ಮೂರು ದಿನ ಸುಮ್ಮನೆ ಕೂರುತ್ತಿದ್ದಳು. ಪೆನ್ಸಿಲ್ ಮುಟ್ಟುತ್ತಿದ್ದುದು ಆಮೇಲೆ. ಆಫೀಸಿನಲ್ಲಿ ಅವಳ ಹೆಸರೇ ಸ್ಟೂಲಕ್ಕ. ಊರಿಗೆಲ್ಲ ಕ್ರಮ ಹೇಳುವವಳ ಅಡುಗೆಮನೆಯಲ್ಲಿ ಸೌಟು ಯಾವ ದಿನ ಎಲ್ಲಿರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. "ನಮ್ಮನೇಲೂ ಮೂರು ದಿನ ಸ್ಟೂಲ್ ಹಾಕ್ಕೊಂಡು ಕೂತ್ಕೊಳೇ," ಎಂದು ಗಂಡ ರೇಗಿಸುತ್ತಿದ್ದರು.

ಅವಳು ತೀರಿಕೊಳ್ಳುವ ಹಿಂದಿನ ವಾರ ಔಷಧಿ ಉಗ್ರಾಣವೊಂದರಿಂದ ದೂರು ಬಂದಿತ್ತು. ಅಲ್ಲಿನ ಪರದೆಯನ್ನು ಅವಳು ರಜೆಯಲ್ಲಿದ್ದಾಗ ನಾನೊಬ್ಬನೇ ಮಾಡಿದ್ದೆ, ಅವರ ಆಫೀಸಿನವರು ಕೊಟ್ಟ ಪಟ್ಟಿ ನೋಡಿಕೊಂಡು. ಈಗ ಪೆಟ್ಟಿಗೆಗಳ ಬ್ಯಾಚ್ ನಂಬರು ತಪ್ಪುತಪ್ಪಾಗಿ ದಾಖಲಾಗುತ್ತಿತ್ತು. ಕೆಟ್ಟ ಔಷಧಿಯನ್ನು ಹುಡುಕಿ ವಾಪಸು ತರಿಸಲು ಆ ನಂಬರೊಂದೇ ದಾರಿ. ಇಪ್ಪತ್ತಾರು ವರ್ಷದಿಂದ ಅಲ್ಲಿ ಸರಕು ಬರಮಾಡಿಕೊಂಡು ದಾಖಲಿಸುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು.

"ಅವ್ರಿಗೆ ಕಣ್ಣು ಕಾಣಲ್ಲ ಸಾರ್," ಎಂದರು ಮ್ಯಾನೇಜರು. "ಸೋಮವಾರದ ತನಕ ನೋಡ್ತೀನಿ. ಆಮೇಲೂ ಹೀಗೇ ಆದ್ರೆ ಮನೆಗೆ ಕಳಿಸ್ತೀನಿ."

ನಾನು ನಂಬಿದೆ. ತಪ್ಪು ನನ್ನದಲ್ಲವಲ್ಲ ಎಂದು ಸಮಾಧಾನವೂ ಆಯಿತು.

ಸ್ಟೂಲಕ್ಕ ಗುರುವಾರ ಹೋಗಿ ಕೂತಳು. "ಏನಮ್ಮ, ನನ್ನ ಬೆನ್ನ ಮೇಲೇನು ಸಿನಿಮಾ ನಡೀತಿದ್ಯಾ?" ಎಂದರಂತೆ ದೊಡ್ಡಮ್ಮ. ಶನಿವಾರ ನನಗೆ ಫೋನ್ ಬಂತು: "ಬಾರೋ ಇಲ್ಲಿ."

ಹೋದೆ.

"ದೊಡ್ಡಮ್ಮ, ಇವನಿಗೆ ಕೈ ತೋರ್ಸಿ."

"ಯಾಕೆ, ಭವಿಷ್ಯ ಹೇಳ್ತಾನಾ?"

"ಇಲ್ಲ, ಇವನ ಭವಿಷ್ಯ ಅದ್ರಲ್ಲಿದೆ."

ಎಡ ಅಂಗೈ ತುಂಬ ನೀಲಿ ಶಾಯಿಯ ಅಂಕಿಗಳು. ಲಾರಿಯಿಂದ ಪೆಟ್ಟಿಗೆಗಳು ಉರುಳೆಗಳ ಮೇಲೆ ಒಂದರ ಹಿಂದೊಂದು ಜಾರಿ ಬರುತ್ತಿದ್ದವು. ಪೆಟ್ಟಿಗೆ ದೊಡ್ಡಮ್ಮನ ಮೇಜಿನ ಮುಂದೆ ಬಂದಾಗ ಒಂದು ಗಳಿಗೆ ಮಾತ್ರ ನಂಬರು ಕಾಣುತ್ತಿತ್ತು. ನನ್ನ ಪರದೆಯೋ, ಕಳಿಸಿದವರ ಹೆಸರು, ವಿಳಾಸ, ಲಾರಿಯ ವಿವರ ಎಲ್ಲ ವಿಚಾರಿಸಿಕೊಂಡು ಎರಡನೇ ಪುಟದ ಕೊನೆಯಲ್ಲಿ ಅದನ್ನು ಕೇಳುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆ ಹೊರಟುಹೋಗಿರುತ್ತಿತ್ತು. ಅದಕ್ಕೇ ದೊಡ್ಡಮ್ಮ ಅಂಗೈಯಲ್ಲಿ ಬರೆದುಕೊಳ್ಳುತ್ತಿದ್ದರು. ಬೆವರಿಗೆ ಮೂರು ಎಂಟಾಗುತ್ತಿತ್ತು.

"ಬಂದವರು ಬಾಗಿಲಲ್ಲೇ ನಿಂತಿದಾರೆ, ನೀನು ಅವರ ಮುತ್ತಾತನ ಹೆಸರು ಕೇಳ್ತಾ ಕೂತಿದೀಯ," ಎಂದಳು ಸ್ಟೂಲಕ್ಕ. "ಕಣ್ಣು ಕಾಣಲ್ಲ ಅಂದ್ರಲ್ಲ, ಅದು ನಿನ್ನ ಬಗ್ಗೆನಾ?"

ಭಾನುವಾರ ಇಬ್ಬರೂ ಕೂತು ಸರಿಮಾಡಿದೆವು. ಪರದೆ ತೆರೆದರೆ ಒಂದೇ ಖಾನೆ, ನಂಬರಿಗೆ. ಮಿಕ್ಕಿದ್ದೆಲ್ಲ ಲಾರಿ ಖಾಲಿಯಾದ ಮೇಲೆ.

"ಇಷ್ಟಕ್ಕೆ ಮೂರು ದಿನ ಬೇಕಿತ್ತಾ?" ಎಂದೆ.

"ಇಷ್ಟೇ ಅಂತ ಗೊತ್ತಾಗೋಕೆ ಬೇಕಿತ್ತು."

ಮಾತಾಡುತ್ತ ಎಡಭುಜ ನೀವಿಕೊಳ್ಳುತ್ತಿದ್ದಳು. ಕೇಳಿದ್ದಕ್ಕೆ, "ಸ್ಟೂಲ್ ಹೊತ್ತೂ ಹೊತ್ತೂ ಹೀಗಾಗಿದೆ ಬಿಡೋ," ಎಂದಳು. ನಾನು ಬಿಟ್ಟೆ.

ಸೋಮವಾರ ನಮ್ಮಿಬ್ಬರ ಎದುರಿಗೇ ನೂರ ನಲವತ್ತು ಪೆಟ್ಟಿಗೆ ಇಳಿದವು. ಮ್ಯಾನೇಜರು ಕೈಕಟ್ಟಿ ನಿಂತು ನೋಡಿದರು, ಆಮೇಲೆ ಒಂದೊಂದನ್ನೂ ತಾವೇ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ. "ಹಾಗಾದ್ರೆ ದೊಡ್ಡಮ್ಮನೇ ಇರ್ಲಿ ಬಿಡಿ," ಎಂದು ಗೊಣಗಿ ಒಳಗೆ ಹೋದರು.

ದೊಡ್ಡಮ್ಮ ಮೇಜಿನ ಅಂಚಿಗೆ ಸೊಂಟ ಆನಿಸಿ ನಿಂತರು. ಇಪ್ಪತ್ತಾರು ವರ್ಷದಲ್ಲಿ ಆ ಮೇಜಿಗೆ ಯಾರೂ ಒಂದು ಕುರ್ಚಿ ಹಾಕಿಸಿರಲಿಲ್ಲ. ಸ್ಟೂಲಕ್ಕ ಅವರ ಎಡಗೈ ಹಿಡಿದು ಮಗುಚಿ ನೋಡಿದಳು. ಅಂಗೈ ಶುಭ್ರವಾಗಿತ್ತು. ಕಂಕುಳಲ್ಲಿದ್ದ ಸ್ಟೂಲನ್ನು ಬಿಡಿಸಿ ಅವರ ಹಿಂದೆ ಇಟ್ಟಳು.

"ನಾಳೆಯಿಂದ ಕೂತ್ಕೊಂಡೇ ಮಾಡಿ ದೊಡ್ಡಮ್ಮ," ಎಂದು ಬರಿಗೈಯಲ್ಲಿ ಬಸ್ಸಿಗೆ ನಡೆದಳು.