ಗೇಟಿಗೆ ನಾನು ಹಾಕಿದ ಡಬ್ಬಿ

“ಅಕ್ಕಾ, ಗೇಟಿಗೆ ಹಾಕಿದೀರಲ್ಲ ಆ ಡಬ್ಬಿ, ಅದನ್ನ ಒಂದಿನ ಕೆಡಿಸಕ್ಕಾಗತ್ತಾ?”

ಕೇಳಿದವಳು ನಮ್ಮ ಕಗ್ಗದಾಸಪುರದ ಬಾಡಿಗೆ ಮನೆಯ ಮಾಲೀಕರ ಸೊಸೆ. ನಾನು ತಾರಸಿಯಲ್ಲಿ, ಟ್ಯಾಂಕು ತುಂಬಿದೊಡನೆ ಮೋಟಾರು ತಾನೇ ನಿಲ್ಲುವಂತೆ, ವೈಫೈಗೆ ಸೇರುವ ಅಂಗೈಯಗಲದ ಕಂಪ್ಯೂಟರೊಂದನ್ನು ಜೋಡಿಸುತ್ತಿದ್ದೆ. ಕಳ್ಳರ ಭಯವೆಂದು ಮಾಲೀಕರು ಕೇಳಿಕೊಂಡಿದ್ದರಿಂದ ಹಿಂದಿನ ತಿಂಗಳು ಗೇಟಿಗೂ ಅಂಥದ್ದೇ ಒಂದನ್ನು ಹಾಕಿದ್ದೆ. ಗೇಟು ತೆರೆದಾಗಲೆಲ್ಲ ಅವರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು.

“ಯಾಕೆ?” ಎಂದೆ.

“ನಾನು ಎಷ್ಟೊತ್ತಿಗೆ ಹೋದೆ, ಎಷ್ಟೊತ್ತಿಗೆ ಬಂದೆ ಅಂತ ಮಾವ ದಿನಾ ಊಟಕ್ಕೆ ಕೂತಾಗ ಎಲ್ಲರ ಮುಂದೆ ಓದ್ತಾರೆ. ನಾಳೆ ಹಲಸೂರಿಗೆ ಹೋಗಿ ಅಮ್ಮನ್ನ ನೋಡ್ಕೊಂಡು ಬರ್ಬೇಕು.”

ಸ್ಕ್ರೂಡ್ರೈವರ್ ಹಿಡಿದೇ ಕೆಳಗಿಳಿದು ಗೇಟಿನ ಡಬ್ಬಿಯನ್ನು ಬಿಚ್ಚತೊಡಗಿದೆ. ಮಾಲೀಕರು ಹೊರಬಂದರು. “ಕೆಟ್ಟೋಯ್ತೇನಮ್ಮಾ?”

“ಇಲ್ಲ ಅಂಕಲ್, ಚೆನ್ನಾಗೇ ಕೆಲಸ ಮಾಡ್ತಿದೆ. ಅದಕ್ಕೇ ತೆಗೀತಿದೀನಿ.”

ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಮಾಲೀಕರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು; ಅದಿನ್ನೂ ಇಳಿದಿಲ್ಲ. ಅದನ್ನು ಹಾಕುವ ಮೊದಲು ವೈಫೈ ಗೇಟಿನವರೆಗೆ ಸಿಗುತ್ತದೆಯೇ ಎಂದು ಮೂರು ಸಲ ನೋಡಿದ್ದೆ. ಆ ಗೇಟಿನಲ್ಲಿ ಓಡಾಡುವವರನ್ನು ಒಮ್ಮೆಯೂ ಕೇಳಿರಲಿಲ್ಲ.