ಅಕ್ಕ ಹಿಡಿದಿಟ್ಟ ಜಾಗ

ತಮಿಳು ಸೀಮೆಯ ಕಿಣತ್ತುಕಡವಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅಕ್ಕ ಕಿಟಕಿಯೊಳಗೆ ತನ್ನ ಹಸಿರು ಟವೆಲ್ ಎಸೆದು ನನಗೂ ಸೀಟು ಹಿಡಿಯುತ್ತಿದ್ದಳು. ಯಾರಾದರೂ ಕೇಳಿದರೆ, "ತಂಗಿ ಬರ್ತಾಳೆ" ಎನ್ನುವಳು.

ನಮ್ಮ ನೇಕಾರರ ಮನೆಯಲ್ಲಿ ಯೇಸುವನ್ನು ನಂಬಿ ಚರ್ಚಿಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಅಲ್ಲೂ ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ಅದೇ ಟವೆಲ್ ಹಾಸುತ್ತಿದ್ದಳು. ನನಗೂ ನಂಬಿಕೆಯಿತ್ತು. ಆದರೆ ನೆಂಟರು ಆಡಿಕೊಳ್ಳುತ್ತಾರೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಪ್ರತಿ ವಾರ ಬರುತ್ತೇನೆ ಎಂದು ಹೇಳಿ ಹೋಗದೆ ಉಳಿಯುತ್ತಿದ್ದೆ.

ಒಂದು ಕ್ರಿಸ್‌ಮಸ್ ದಿನ ಚರ್ಚಿನ ಬಾಗಿಲವರೆಗೂ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯೊಬ್ಬರು ಟವೆಲ್ ತೋರಿಸಿ, "ಯಾರಮ್ಮ ಈ ಮಹಾರಾಣಿ? ವರ್ಷವೆಲ್ಲ ಅವಳ ಬದಲು ಟವೆಲ್ಲೇ ಜಪ ಮಾಡ್ತಿದೆ" ಎಂದು ಛೇಡಿಸಿದರು.

"ಬರ್ತಾಳೆ ಪಾಟ್ಟಿ" ಎಂದು ಅಕ್ಕ ಅಜ್ಜಿಯತ್ತ ನೋಡಿ ನಕ್ಕಳು.

ಅಷ್ಟರಲ್ಲಿ ಬೀದಿಯಲ್ಲಿ ಚಿಕ್ಕಮ್ಮ ಕಂಡರು. ನಾನು ಮನೆಗೆ ಓಡಿಬಿಟ್ಟೆ. ಆಮೇಲೆ ತಲೆನೋವೆಂದು ಸುಳ್ಳು ಹೇಳಿದೆ. ಅಕ್ಕ ನನ್ನ ಕೈಗೆ ಕೇಕಿನ ತುಂಡು ಕೊಟ್ಟು, ಮುದ್ದಿನಿಂದ, "ಇರ್ಲಿ ಕಣ್ಣು, ನಿನ್ ಜಾಗ ಅಲ್ಲೇ ಇರ್ತದೆ" ಎಂದಳು.

ಈಗ ಅಕ್ಕ ಇಲ್ಲ. ಮೊನ್ನೆ ಬಸ್ಸಿನಲ್ಲಿ ಕೂರಲು ಹೋದರೆ ಸೀಟಿನ ಮೇಲೆ ಟವೆಲ್ ಇತ್ತು. ಪಕ್ಕದ ಹುಡುಗಿ, ತಂಗಿ ಬರುತ್ತಾಳೆ ಎಂದು ತಮಿಳಿನಲ್ಲಿ ಹೇಳಿದಳು. ದೇವರೂ ನನಗಾಗಿ ಹೀಗೆಯೇ ಕಾದಿದ್ದಾನೆ ಅನ್ನಿಸಿತು. ಊರು ಬರುವವರೆಗೆ ಖುಷಿಯಿಂದ ನಿಂತೇ ಬಂದೆ.

ಆ ಭಾನುವಾರ ಚರ್ಚಿಗೆ ಹೋದೆ. ಅಕ್ಕ ಟವೆಲ್ ಹಾಸುತ್ತಿದ್ದ ಜಾಗದಲ್ಲಿ ಆ ಅಜ್ಜಿ ತಮ್ಮ ಚೀಲ ಇಟ್ಟುಕೊಂಡಿದ್ದರು. ನನ್ನ ಮುಖದಲ್ಲಿ ಅಕ್ಕನ ಹೋಲಿಕೆ ಕಂಡವರೇ, ಚೀಲ ಎತ್ತಿಕೊಂಡು ಜಾಗ ಬಿಟ್ಟರು.