ಕುರಿ ಅಡ್ಡ ಬರಲಿಲ್ಲ

ನಿಮ್ಮಪ್ಪನ ಸಾವಿಗೆ ನೀನು ಕಾರಣಳಲ್ಲ, ರಂಗಮ್ಮ. ನಿನ್ನ ಕುರಿಗಳೂ ಅಲ್ಲ. ಬಸ್ಸು ಓಡಿಸುತ್ತಿದ್ದ ನಾನು ರಸ್ತೆಯನ್ನು ನೋಡುತ್ತಿರಲಿಲ್ಲ — ಅಷ್ಟೇ. ಇಷ್ಟನ್ನು ಹೇಳಲು ನನಗೆ ಎಂಟು ವರ್ಷ ಬೇಕಾಯಿತು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ. ನಾನು ಮಧುಗಿರಿ–ಶಿರಾ ಬಸ್ಸಿನ ಡ್ರೈವರ್. ನಮ್ಮೂರಿನ ಪೌರಾಣಿಕ ನಾಟಕದಲ್ಲಿ ನನಗೆ ರಾಜನ ಪಾತ್ರ ಸಿಕ್ಕಿತ್ತು. ಅಭ್ಯಾಸಕ್ಕೆ ಬಿಡುವಿಲ್ಲವೆಂದು ಸ್ಟೇರಿಂಗ್ ಹಿಡಿದೇ ಕಂದಪದ್ಯ ಹಾಡುತ್ತಿದ್ದೆ. ಕಂಡಕ್ಟರ್ ನಾಟಕದ ಪುಸ್ತಕ ನೋಡಿ ಮಾತು ಎತ್ತಿಕೊಡುತ್ತಿದ್ದ. ಬಸ್ಸಿಗೆ ಬಸ್ಸೇ ತಲೆದೂಗುತ್ತಿತ್ತು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೋ ಗೊತ್ತಿಲ್ಲ — ನಾನಂತೂ ಉಬ್ಬಿದೆ.

ಅಂದು ಬಡವನಹಳ್ಳಿ ದಾಟಿದ್ದೆವು. ನೀನು ಕುರಿಗಳ ಮುಂದೆ, ನಿಮ್ಮಪ್ಪ ಹಿಂದೆ, ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದಿರಂತೆ. ನಾನು ನೋಡಿರಲಿಲ್ಲ. ಪದ್ಯ ಮುಗಿಯುತ್ತಲೇ ಹಿಂದಿನ ಸೀಟಿನಿಂದ ಕೂಗು ಬಂತು: "ಒನ್ಸ್ ಮೋರ್ ಕಣಣ್ಣ, ಇನ್ನೊಂದ್ಸಲ ಎತ್ಕ." ನಾನು ಹಿಂದಕ್ಕೆ ತಿರುಗಿ, ಎರಡೂ ಕೈ ಎತ್ತಿ ಮುಗಿದೆ. ಬಸ್ಸು ಯಾವಾಗ ಮಣ್ಣಿಗೆ ಇಳಿಯಿತೋ — ಮತ್ತೆ ಮುಂದೆ ನೋಡುವಷ್ಟರಲ್ಲಿ ನಿಮ್ಮಪ್ಪ...

"ಕುರಿ ಅಡ್ಡ ಬಂದ್ಬುಟ್ವು ಅಂತ ಹೇಳ್ಬುಡು. ನಾವೆಲ್ಲ ಅಂಗೇ ಅಂತೀವಿ," ಎಂದ ಕಂಡಕ್ಟರ್. ಪೊಲೀಸರ ಮುಂದೆ ನಾನು ಹಾಗೆಯೇ ಹೇಳಿದೆ. ಬಸ್ಸಿನಲ್ಲಿದ್ದವರೂ ಹೇಳಿದರು. ಹದಿನಾರರ ಹುಡುಗಿ ನಿನ್ನನ್ನು ಊರವರು "ಕುರಿ ತಡಿಯಾಕ್ ಬರ್ದೆ ಅಪ್ಪನ್ನ ತಿನ್ಕಂಡ್ಲು" ಎಂದದ್ದು ನನ್ನ ಕಿವಿಗೂ ಬಿತ್ತು. ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಬಣ್ಣ ಹಚ್ಚಿಕೊಂಡು ಅದೇ ಪದ್ಯ ಹಾಡಿದೆ. ಚಪ್ಪಾಳೆಯೂ ಬಿತ್ತು. ನಾಚಿಕೆಗೆಟ್ಟವನು ನಾನು.

ಈಗ ನನ್ನ ಹೆಂಡತಿ ಹೇಳುತ್ತಾಳೆ — "ಸತ್ತೋನು ಎದ್ದು ಬತ್ತಾನಾ? ಸುಮ್ಕಿರು, ಮಕ್ಳ ಮಾನ ಹೋಯ್ತದೆ." ಹೋಗಲಿ. ಕಂಡಕ್ಟರ್ ಎಲ್ಲ ವಿಧಿ ಎನ್ನುತ್ತಾನೆ. ವಿಧಿಯ ಹತ್ತಿರ ಲೈಸೆನ್ಸ್ ಇರಲಿಲ್ಲ, ನನ್ನ ಹತ್ತಿರ ಇತ್ತು. ಕ್ಷಮೆ ಕೇಳಲು ನಾನು ಬರುತ್ತಿಲ್ಲ. ನೀನು ಕೊಟ್ಟರೂ ನನಗೆ ಬೇಡ. ನಿಮ್ಮೂರ ಅರಳಿಕಟ್ಟೆಯಲ್ಲಿ, ನಿನ್ನನ್ನು ಆಡಿಕೊಂಡವರೆಲ್ಲ ಕೂತಿರುವಾಗ, ಎದ್ದು ನಿಂತು ಹೇಳುತ್ತೇನೆ. ಯಾರು ತಡೆಯುತ್ತಾರೋ ತಡೆಯಲಿ.

ಅವರಿಗೆ ಒಂದೇ ಪ್ರಶ್ನೆ ಕೇಳುವುದಿದೆ. ಕುರಿ ಅಡ್ಡ ಬಂದಿದ್ದರೆ ಅಂದು ಒಂದು ಕುರಿಯಾದರೂ ಸಾಯಬೇಕಿತ್ತಲ್ಲ? ನಾನು ಬಸ್ಸಿಳಿದು ನೋಡಿದಾಗ ನೀನು ಅಷ್ಟನ್ನೂ ಬೇಲಿಯ ಬದಿಗೆ ಒತ್ತಿ ಹಿಡಿದು ನಿಂತಿದ್ದೆ, ರಂಗಮ್ಮ. ಒಂದಕ್ಕೂ ಗೀರು ಬಿದ್ದಿರಲಿಲ್ಲ.